ಗುಂಬಕ್ಕೊಂದು ಮರ, ನೊಗಕ್ಕೊಂದು ಮರ

ಹಳ್ಳಿ ಮನೆಯ ಬಚ್ಚಲ ಬಾಗಿಲನ್ನು ಒಮ್ಮೆ ಕೂತು ನೋಡಿ. ಮೇಲಿನ ಮುಕ್ಕಾಲು ಭಾಗ ಗಟ್ಟಿಯಾಗಿಯೇ ಇರುತ್ತದೆ. ಕೆಳಗಿನ ಒಂದು ಗೇಣು ಮಾತ್ರ ಕರಿಗಟ್ಟಿ ಲಡ್ಡಾಗಿ, ಬೆರಳಿಟ್ಟರೆ ಪುಡಿಪುಡಿ ಉದುರುತ್ತದೆ. ಇಡೀ ಬಾಗಿಲಿಗೆ ಬಳಸಿದ್ದು ಒಂದೇ ಮರ, ಕೂರಿಸಿದವರು ಒಬ್ಬರೇ ಆಚಾರಿ. ಆದರೂ ಮೇಲ್ಭಾಗಕ್ಕೆ ನಲವತ್ತು ವರ್ಷದ ಆಯಸ್ಸು, ಕೆಳಗಿನ ಗೇಣಿಗೆ ನಾಲ್ಕೇ ವರ್ಷ. ಬಾಳಿಕೆ ಬರುವ ಮರ ಯಾವುದು ಎಂದು ಕೇಳುವವರು ಮೊದಲು ಈ ಬಾಗಿಲಿನ ಮುಂದೆ ಐದು ನಿಮಿಷ ಕೂರಬೇಕು.

ಪ್ರಶ್ನೆ ಎದ್ದದ್ದು ಸೌನಾದಿಂದ. ಫಿನ್ಲೆಂಡಿನವರ ಬಿಸಿಕೋಣೆ ಅದು. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ ಹತ್ತಿರ ಹತ್ತಿರ 30 ಲಕ್ಷ ಸೌನಾಗಳಿವೆ ಎಂಬ ಅಂದಾಜಿದೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಅವರ ಸೌನಾ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮರದ ಕೋಣೆಯೊಳಗೆ ಒಲೆ, ಒಲೆಯ ಮೇಲೆ ಕಲ್ಲುಗಳ ರಾಶಿ. ಕಲ್ಲು ಕಾದ ಮೇಲೆ ಅದಕ್ಕೆ ಸೌಟಿನಲ್ಲಿ ನೀರು ಎರೆಯುತ್ತಾರೆ. 80ರಿಂದ 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮರದ ಜಗಲಿಯ ಮೇಲೆ ಕೂತು ಬೆವರುತ್ತಾರೆ. ಅಂಥದ್ದೊಂದನ್ನು ಮನೆಯಿಂದ ಹೊರಗೆ, ಬಯಲಲ್ಲಿ, ಶಿರಾ ತಾಲ್ಲೂಕಿನ ತಾವರೆಕೆರೆಯ ಯಾವುದಾದರೂ ತೋಟದಲ್ಲಿ ಕಟ್ಟಬೇಕೆಂದರೆ ಯಾವ ಮರ ತರಬೇಕು?

ಇಲ್ಲಿ ಸೌನಾ ಯಾಕೆ ಎಂದು ಹುಬ್ಬೇರಿಸುವುದು ಬೇಡ. ಬಿಸಿ ನೀರು, ಹಬೆ, ಬೆವರು ನಮಗೆ ಹೊಸದಲ್ಲ. ಹಂಡೆ ಒಲೆಯ ಬಚ್ಚಲು, ಬಾಣಂತಿಗೆ ಎರೆಯುವ ಸುಡು ಸುಡು ನೀರು, ನೀರು ತುಂಬುವ ಹಬ್ಬದ ಎಣ್ಣೆ ಸ್ನಾನ ಎಲ್ಲವೂ ಒಂದೇ ಬಳಗ. ಆಯುರ್ವೇದದ ಸ್ವೇದನಕ್ಕೆ, ಪ್ರಕೃತಿ ಚಿಕಿತ್ಸೆಯ ಹಬೆಸ್ನಾನಕ್ಕೆ ತಲೆಯಷ್ಟೇ ಹೊರಗಿರುವಂತೆ ಕೂರಿಸುವ ಮರದ ಪೆಟ್ಟಿಗೆಗಳನ್ನು ನಮ್ಮ ಆಸ್ಪತ್ರೆಗಳಲ್ಲಿ ಬಹಳ ಜನ ಕಂಡಿದ್ದೀರಿ. ಎಣ್ಣೆ ಚಿಕಿತ್ಸೆಯ ದ್ರೋಣಿಗೆ ಬೇವು, ಕಾಸರಕದಂಥ ಮರಗಳನ್ನೇ ಆಯ್ದು ಕೊರೆಯುವ ವಾಡಿಕೆಯೂ ಹಳೆಯದು. ನೀರು, ಶಾಖ, ಬರಿಮೈ ಮೂರಕ್ಕೂ ಒಗ್ಗುವ ಮರವನ್ನು ಹುಡುಕುವ ಕೆಲಸ ಈ ನೆಲದಲ್ಲಿ ಆಗಲೇ ನಡೆದಿದೆ.

ಮರ ಸಾಯುವುದು ಎಲ್ಲಿ?

ಮರವನ್ನು ನೀರು ಕೊಳೆಸುತ್ತದೆ ಎನ್ನುತ್ತೇವೆ. ಆದರೆ ಕಾಂಚೀಪುರದ ವರದರಾಜ ಪೆರುಮಾಳ್ ದೇವಾಲಯದ ಅತ್ತಿ ವರದರ್ ವಿಗ್ರಹವನ್ನು ನೆನೆಸಿಕೊಳ್ಳಿ. ಅತ್ತಿ ಮರದ ಆ ಮೂರ್ತಿಯನ್ನು ಪುಷ್ಕರಣಿಯ ತಳದಿಂದ 1979ರಲ್ಲಿ ಎತ್ತಿದರು, ದರ್ಶನದ ನಂತರ ಮತ್ತೆ ಮುಳುಗಿಸಿದರು, 40 ವರ್ಷ ಬಿಟ್ಟು 2019ರಲ್ಲಿ ಮತ್ತೆ ಎತ್ತಿದರು. ಅತ್ತಿ ಬಯಲಿನ ಮಳೆ ಬಿಸಿಲಿಗೆ ಬಿಟ್ಟರೆ ಬೇಗ ಹಾಳಾಗುವ ಮೆದು ಮರ. ನೀರಿನ ತಳದಲ್ಲಿ ಅದೇ ಮರ ತಾಳುತ್ತದೆ. ಬಾವಿಯ ತಳಕ್ಕೆ ನೆಲ್ಲಿ ಮರದ ಪಟ್ಟಿ ಹಾಕುತ್ತಿದ್ದುದರ ಹಿಂದೆಯೂ ಇಂಥದೇ ಅನುಭವವಿದೆ.

ಕಾರಣ ಸರಳ. ಮರವನ್ನು ತಿನ್ನುವುದು ನೀರಲ್ಲ, ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ನೀರಿನಲ್ಲಿ ಪೂರ್ತಿ ಮುಳುಗಿದ ಮರಕ್ಕೆ ಗಾಳಿ ಸಿಗದು. ಪೂರ್ತಿ ಒಣಗಿದ, ಅಂದರೆ ತೇವಾಂಶ ಶೇ 20ಕ್ಕಿಂತ ಕೆಳಗಿರುವ ಮರದಲ್ಲಿ ಶಿಲೀಂಧ್ರ ಬೇರೂರದು. ನಡುವಿನ ಸ್ಥಿತಿಯೇ ಅಪಾಯ. ದಿನವೂ ನೆನೆದು ಅರೆಬರೆ ಒಣಗುವ ಬಚ್ಚಲ ಬಾಗಿಲಿನ ಬುಡ, ನೆಲಕ್ಕೆ ಹೂತ ಗೂಟ ಮಣ್ಣಿನಿಂದ ಹೊರಬರುವ ಕುತ್ತಿಗೆ, ತೊಲೆ ಗೋಡೆಯೊಳಗೆ ಹೋಗುವ ಜಾಗ. ಬೇಲಿ ಹಾಕಿದ ಯಾವ ರೈತರನ್ನು ಕೇಳಿದರೂ ಗೂಟ ಮುರಿಯುವುದು ನೆಲಮಟ್ಟದಲ್ಲೇ ಎನ್ನುತ್ತಾರೆ.

ಇದಕ್ಕೆ ನಮ್ಮ ಕಡೆ ಇನ್ನೊಂದು ಸೇರಿಕೊಳ್ಳುತ್ತದೆ. ಶಿರಾ, ಪಾವಗಡ, ಮಧುಗಿರಿ ಮಳೆ ಕಡಿಮೆ ಇರುವ ಸೀಮೆ. ಮಲೆನಾಡಿನಲ್ಲಿ ಮರಕ್ಕೆ ಬೂಸ್ಟು ಶತ್ರುವಾದರೆ ಇಲ್ಲಿ ಗೆದ್ದಲು. ಹುತ್ತವಿಲ್ಲದ ಹೊಲವಿಲ್ಲ. ತೇವ ಹುಡುಕಿಕೊಂಡು ಮಣ್ಣಿನ ಸುರಂಗ ಕಟ್ಟುತ್ತಾ ಬರುವ ಅದಕ್ಕೆ ವಾರಕ್ಕೆರಡು ಸಲ ನೆನೆಯುವ ಸೌನಾದ ಬುಡ ಹಬ್ಬದ ಊಟ. ಮೇಲಿನಿಂದ ಬಿಸಿಲು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕನ್ನು ಪಾವಗಡದಲ್ಲೇ ಕಟ್ಟಿದ್ದಾರೆಂದರೆ ಇಲ್ಲಿನ ಬಿಸಿಲಿನ ಅಂದಾಜು ಸಿಗುತ್ತದೆ. ಬಿಸಿಲು ಮರದ ಮೇಲ್ಮೈಯನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಅದಕ್ಕೆ ಹೆದರಬೇಕಿಲ್ಲ, ಬಣ್ಣ ಹೋಗುವುದು ಚರ್ಮದಷ್ಟು ಆಳಕ್ಕೆ ಮಾತ್ರ. ಹೆದರಬೇಕಾದ್ದು ಬಿರುಕಿಗೆ. ಬೇಸಿಗೆಯಲ್ಲಿ ಬಿಟ್ಟ ಸೀಳಿನೊಳಗೆ ಮುಂಗಾರಿನ ನೀರು ನಿಂತರೆ, ಒಳಗೆ ನಾವು ಕಾಣದ ಕಡೆ ಕೊಳೆ ಶುರು.

ಸ್ಮಶಾನದ ಪರೀಕ್ಷೆ

ಯಾವ ಮರ ಎಷ್ಟು ಕಾಲ ಬಾಳುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಮಾಡುವ ಪರೀಕ್ಷೆಗೆ ಸ್ಮಶಾನ ಪರೀಕ್ಷೆ ಎಂದೇ ಹೆಸರು. ಸುಮಾರು ಎರಡಿಂಚು ಚದರದ ಮರದ ತುಂಡುಗಳನ್ನು ಸಾಲು ಸಾಲಾಗಿ ಅರ್ಧ ಹೂಳುತ್ತಾರೆ, ನೋಡಲು ಸಮಾಧಿಗಳ ಹಾಗೇ ಕಾಣುತ್ತದೆ. ಆಗಾಗ ಕಿತ್ತು ಗೆದ್ದಲು, ಕೊಳೆ ಎಷ್ಟು ತಿಂದಿವೆ ಎಂದು ನೋಡುತ್ತಾರೆ. ಸರಾಸರಿ 120 ತಿಂಗಳಿಗಿಂತ ಹೆಚ್ಚು ತಾಳಿದರೆ ಮೊದಲ ದರ್ಜೆ, 60ರಿಂದ 120 ತಿಂಗಳಾದರೆ ಎರಡನೆಯದು, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ಭಾರತೀಯ ಮಾನಕವೂ ಇದೇ ವಿಂಗಡಣೆಯನ್ನು ಇಟ್ಟುಕೊಂಡಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ, 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಕೇಂದ್ರ ಇಂಥ ಕೆಲಸದಲ್ಲಿ ದಶಕಗಳಿಂದ ತೊಡಗಿದೆ.

ಈ ದರ್ಜೆಗಳನ್ನು ಓದುವಾಗ ಒಂದು ಮಾತು ಮರೆಯುವಂತಿಲ್ಲ: ಲೆಕ್ಕವೆಲ್ಲ ಚೇಗಿನದು, ಅಂದರೆ ಮರದ ಒಳಗಿನ ಬಲಿತ ಭಾಗದ್ದು. ತೇಗ ಮೊದಲ ದರ್ಜೆ ಎಂದರೆ ತೇಗದ ಚೇಗು ಮೊದಲ ದರ್ಜೆ. ಅದೇ ತೇಗದ ಹೊರಗಿನ ಬಿಳಿ ಭಾಗವನ್ನು ಹುಳು, ಗೆದ್ದಲು ಬೇರೆ ಯಾವುದೇ ಮರದ ಬಿಳಿ ಭಾಗದಷ್ಟೇ ಸಲೀಸಾಗಿ ತಿನ್ನುತ್ತವೆ. ಸಾಮಿಲ್ಲಿನಲ್ಲಿ ಆಗ ತಾನೇ ಅಡ್ಡ ಕುಯ್ದ ಕರಿಜಾಲಿಯ ದಿಮ್ಮಿಯನ್ನು ನೋಡಿ. ತೊಗಟೆಯ ಒಳಗೆ ಎರಡು ಬೆರಳಗಲ ಹಾಲುಬಿಳಿ ಉಂಗುರ, ಅದರೊಳಗೆ ಇಟ್ಟಿಗೆಗೆಂಪಿನಿಂದ ಕಪ್ಪಿಗೆ ತಿರುಗುವ ಚೇಗು. ಗೆರೆ ಎಳೆದ ಹಾಗೆ ಬೇರೆ. ಒಂದು ಮಳೆಗಾಲ ಅಂಗಳದಲ್ಲಿ ಬಿಟ್ಟರೆ ಬಿಳಿ ಉಂಗುರದ ತುಂಬ ಸೂಜಿಮೊನೆಯ ತೂತು, ಕೆಳಗೆ ಹಿಟ್ಟಿನಂಥ ಪುಡಿ. ಕೆಂಪು ಭಾಗದ ಗಡಿಗೆ ಬಂದು ಹುಳು ನಿಂತಿರುತ್ತದೆ. ಬೆಳೆಯುವಾಗ ಮರ ತನ್ನ ಒಳಭಾಗಕ್ಕೆ ತುಂಬಿಸಿಕೊಂಡ ಟ್ಯಾನಿನ್, ಎಣ್ಣೆ, ಕಹಿ ಅಂಶಗಳೇ ಅದಕ್ಕೆ ಕಾವಲು. ಹತ್ತು ಹದಿನೈದು ವರ್ಷಕ್ಕೆ ಕಡಿದ ತೋಟದ ತೇಗದಲ್ಲಿ ಚೇಗು ಬಿದ್ದಿರುವುದೇ ಸ್ವಲ್ಪ. ಹೆಸರಿಗೆ ತೇಗ, ಅರ್ಧಕ್ಕರ್ಧ ಬಿಳಿ. ತೇಗ ಎಂಬ ಹೆಸರು ಕೇಳಿ ದುಡ್ಡು ಕೊಟ್ಟು ಮೋಸಹೋಗುವುದು ಇಲ್ಲಿಯೇ.

ನಮ್ಮ ಸೀಮೆಯ ಮರಗಳು

ತುಮಕೂರು, ಚಿತ್ರದುರ್ಗದ ಒಣಕಾಡುಗಳಲ್ಲಿ ಗಟ್ಟಿತನಕ್ಕೆ ದೊರೆ ಕಮರ. ಪಾವಗಡದ ತೆಲುಗರ ಬಾಯಲ್ಲಿ ನಾರೆಪಿ. ಎರಡು ಎಲೆ ಬುಡದಲ್ಲಿ ಕೂಡಿ ಸೀಳುಗೊರಸಿನಂತೆ ಕಾಣುವ ಎಲೆಯಿಂದ ಗುರುತು ಹಿಡಿಯಬಹುದು. ಕಲ್ಲು ಬಂಡೆಯ ಸಂದಿಯಲ್ಲಿ, ಹಿಡಿ ಮಣ್ಣಿದ್ದ ಕಡೆ ಬೆಳೆಯುತ್ತದೆ. ದೇಶದ ಅತ್ಯಂತ ಭಾರದ ಮರಗಳಲ್ಲಿ ಒಂದು: ನೀರಿಗಿಂತ ಭಾರವಾದ್ದರಿಂದ ನೀರಿಗೆ ಹಾಕಿದರೆ ಮುಳುಗುತ್ತದೆ. ಗರಗಸದ ಹಲ್ಲು ಮೊಂಡಾಗುತ್ತದೆ, ಮೊಳೆ ಬಗ್ಗುತ್ತದೆ. ಗೆದ್ದಲು ಹತ್ತಿರ ಬಾರದು. ಹೊರಾಂಗಣಕ್ಕೆ ಇದಕ್ಕಿಂತ ಬಾಳುವ ಮರ ಇಲ್ಲಿ ಬೇರೆ ಬೇಕಿಲ್ಲ. ಆದರೂ ನನ್ನ ಮಾತು: ಕಮರವನ್ನು ಮುಟ್ಟಬೇಡಿ. ತೀರ ನಿಧಾನವಾಗಿ ಬೆಳೆಯುವ ಮರವದು. ಉಳಿದಿರುವ ಒಣಕಾಡುಗಳು ಈಗಷ್ಟೇ ಕಾವಲು ಕಾಣುತ್ತಿವೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಸುಮಾರು 136 ಚದರ ಕಿಲೋಮೀಟರ್ ಕಾಡು ಚಿಂಕಾರ ವನ್ಯಜೀವಿ ಧಾಮವೆಂದು ಘೋಷಣೆಯಾದದ್ದು 2019ರಲ್ಲಿ. ಬೆವರು ಸುರಿಸುವ ಸುಖಕ್ಕೆ ನಮ್ಮ ಅಜ್ಜಂದಿರ ಕಾಲದ ಕಾಡುಮರ ಉರುಳಬಾರದು.

ಕರಿಜಾಲಿ ಬೇರೆ ಮಾತು. ಕೆರೆ ಅಂಗಳದಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಬರುವ ಮರ. ಎತ್ತಿನ ಗಾಡಿ ಮಾಡುತ್ತಿದ್ದ ಆಚಾರಿಗಳಿಗೆ ಇದರ ಗುಣ ಅಂಗೈಗೆರೆಯಷ್ಟು ಗೊತ್ತು. ಚಕ್ರದ ನಡುವಿನ ಗುಂಬಕ್ಕೆ ಜಾಲಿ. ಅಲ್ಲಿ ಹೊಡೆತ, ಉಜ್ಜಾಟ, ಕೆಸರು, ಬಿಸಿಲು ಎಲ್ಲ ಒಟ್ಟಿಗೆ ಬೀಳುತ್ತದೆ. ಆದರೆ ಎತ್ತಿನ ಹೆಗಲ ಮೇಲೆ ಕೂರುವ ನೊಗಕ್ಕೆ ಆ ಭಾರದ ಮರ ಸಲ್ಲದು. ಅದಕ್ಕೆ ಹಗುರವಾಗಿ, ಚರ್ಮ ಒರೆಯದ ಹಾಗೆ ನುಣುಪು ಕೊಡುವ ಮರವನ್ನು ಹುಡುಕುತ್ತಿದ್ದರು. ಒಂದೇ ಗಾಡಿ, ಭಾಗಕ್ಕೊಂದು ಮರ. ಸೌನಾ ಕಟ್ಟುವವರಿಗೆ ಬೇಕಾದ ಪಾಠ ಪೂರ್ತಿ ಈ ಗಾಡಿಯಲ್ಲಿದೆ. ಗಟ್ಟಿ ಮರ ಒಂದನ್ನೇ ಆರಿಸಿ ಬುಡದಿಂದ ಸೂರಿನವರೆಗೆ ಅದನ್ನೇ ಹಾಕಿಸುವುದು ದುಡ್ಡಿಗೂ ದಂಡ, ಮೈಗೂ ಶಿಕ್ಷೆ.

ಕರಿಜಾಲಿಯನ್ನು ಹೊರಗಿನ ಚೌಕಟ್ಟು, ಮೆಟ್ಟಿಲು, ಬಾಗಿಲ ಹೊಸ್ತಿಲಿಗೆ ಧಾರಾಳವಾಗಿ ಬಳಸಬಹುದು. ಒಂದು ಎಚ್ಚರ: ಅದರ ಟ್ಯಾನಿನ್ ಕಬ್ಬಿಣಕ್ಕೆ ತಾಗಿ ನೀರು ಬಿದ್ದರೆ ಶಾಯಿಯಂಥ ಕಪ್ಪು ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಸ್ಕ್ರೂ ಹಾಕಿಸಬೇಕು. ಕಗ್ಗಲಿಯ ಚೇಗೂ ಗೂಟಕ್ಕೆ ಹೆಸರಾದದ್ದು, ಆದರೆ ದಪ್ಪ ದಿಮ್ಮಿ ಸಿಗುವುದು ಕಷ್ಟ. ಬೇವು ನಡುವಿನ ದರ್ಜೆಯದು. ಗೆದ್ದಲಿಗೆ ಬಹುಮಟ್ಟಿಗೆ ಜಗ್ಗದು, ಸುಲಭಕ್ಕೆ ಸಿಗುತ್ತದೆ, ಬಾಗಿಲು ಕಿಟಕಿಗೆ ಸಾಕು. ತೆಂಗು ನಮ್ಮ ಜಿಲ್ಲೆಯ ತುಂಬ ಇದೆ ಎಂದು ಅದರ ಕಾಂಡವನ್ನು ಕಂಬ ಮಾಡಿ ಹೂಳಬೇಡಿ. ಔಷಧ ಕುಡಿಸದ ತೆಂಗು ಮಣ್ಣಿಗೆ ತಾಗಿದರೆ ಎರಡು ಮೂರು ವರ್ಷದ ಮಾತು. ನೆಲ ಬಿಟ್ಟು ಮೇಲೆ, ಮಳೆ ತಾಗದ ಸೂರಿನ ತೊಲೆಗೆ ಬಲಿತ ತೆಂಗು ನಡೆಯುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಎಲ್ಲರೂ ಬೈಯುವ ಮರದ ಹತ್ತಿರ. ಬಳ್ಳಾರಿ ಜಾಲಿ. 1877ರ ಸುಮಾರಿಗೆ ಕಡಪಾ ಜಿಲ್ಲೆಯಲ್ಲಿ ಹೊರದೇಶದ ಬೀಜ ಬಿತ್ತಿದಲ್ಲಿಂದ ಹರಡಿ, ಇವತ್ತು ಪಾವಗಡ, ಶಿರಾ, ಮಧುಗಿರಿಯ ಕೆರೆಗಳನ್ನೆಲ್ಲ ಮುಚ್ಚಿ ಕುಳಿತಿರುವ ಮುಳ್ಳು. ಸೌದೆ, ಇದ್ದಿಲು ಬಿಟ್ಟರೆ ಯಾವುದಕ್ಕೂ ಬಾರದು ಎಂಬುದು ಜನರ ತೀರ್ಮಾನ. ಆದರೆ ಅದರ ಚೇಗು ಗಟ್ಟಿ, ಗೆದ್ದಲಿಗೆ ತಡೆ ಒಡ್ಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಣಗುವಾಗ ತೀರ ಕಡಿಮೆ ಕುಗ್ಗುವ ಮರಗಳಲ್ಲಿ ಇದೂ ಒಂದು. ನೆನೆದು ಒಣಗಿ ಬಿರಿಯುವ ಜಾಗಕ್ಕೆ ಬೇಕಾದ ಗುಣ ಇದೇ ತಾನೇ? ಅಮೆರಿಕದ ಟೆಕ್ಸಾಸ್‌ನಲ್ಲಿ ಇದರ ದಾಯಾದಿ ಮರವಾದ ಮೆಸ್ಕೀಟನ್ನು ಮನೆಯ ನೆಲಹಾಸಿಗೆ, ಪೀಠೋಪಕರಣಕ್ಕೆ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಕೊರತೆಯೂ ಇದೆ. ಮರ ಸೊಟ್ಟ, ಕವಲು ಜಾಸ್ತಿ. ನೆಟ್ಟಗಿನ ನಾಲ್ಕಡಿ ಹಲಗೆ ಸಿಕ್ಕರೆ ಪುಣ್ಯ. ಹಳೆಯ ಮರದ ನಡುವೆ ಕೆಲವೊಮ್ಮೆ ಪೊಳ್ಳು. ಹಾಗಾಗಿ ಉದ್ದ ಬೇಡದ ಕಡೆ ಬಳಸಬೇಕು: ಮುಂದಿನ ಮೆಟ್ಟಿಲು, ಕಾಲಿಡುವ ಜಾಲರಿ, ಬಾಗಿಲ ಹಿಡಿ, ಹೊರಗಿನ ಗಿಡ್ಡ ಪಟ್ಟಿಗಳು. ಸೊಟ್ಟಗಿನ ತುಂಡುಗಳೆಲ್ಲ ಒಲೆಗೆ. ಸೌನಾದ ಕಲ್ಲು ಕಾಯಿಸಲು ನಿಧಾನವಾಗಿ, ನಿಗಿನಿಗಿ ಕೆಂಡವಾಗಿ ಉರಿಯುವ ಇದಕ್ಕಿಂತ ಒಳ್ಳೆಯ ಸೌದೆ ಈ ಸೀಮೆಯಲ್ಲಿಲ್ಲ. ಕೆರೆಯೂ ಅಷ್ಟು ಹಗುರಾಗುತ್ತದೆ.

ಬೆನ್ನಿಗೆ ತಾಗುವ ಮರ

ಒಳಗೆ ಹೋದ ಕೂಡಲೇ ನಿಯಮ ತಿರುಗುಮುರುಗಾಗುತ್ತದೆ. 90 ಡಿಗ್ರಿ ಶಾಖದಲ್ಲಿ ಕಮರದಂಥ ಭಾರದ ಹಲಗೆಯ ಮೇಲೆ ಬರಿಮೈಯಲ್ಲಿ ಕೂತರೆ ಸುಡುತ್ತದೆ. ಮರ ಭಾರವಾದಷ್ಟೂ ಶಾಖವನ್ನು ಬೇಗ ಮೈಗೆ ದಾಟಿಸುತ್ತದೆ. ಹಗುರ ಮರದ ತುಂಬ ಗಾಳಿ, ಅದು ಅಡ್ಡ ನಿಲ್ಲುತ್ತದೆ. ಫಿನ್ಲೆಂಡಿನವರು ಕೂರುವ ಜಗಲಿಗೆ ಆಸ್ಪೆನ್, ಆಲ್ಡರ್‌ನಂಥ ಮೆದುವಾದ, ಅಂಟು ಒಸರದ ಮರಗಳನ್ನು ಆಯ್ದುಕೊಂಡದ್ದು ಅದಕ್ಕೇ. ಪೈನ್ ಹಲಗೆಯ ಗಂಟುಗಳಿಂದ ಶಾಖಕ್ಕೆ ಅಂಟು ಇಳಿದು ಬೆನ್ನಿಗೆ ಹತ್ತುತ್ತದೆ.

ಇಲ್ಲಿ ಆ ಜಾಗಕ್ಕೆ ನನ್ನ ಆಯ್ಕೆ ಹೆಬ್ಬೇವು. ಇತ್ತೀಚಿನ ವರ್ಷಗಳಲ್ಲಿ ಪ್ಲೈವುಡ್ ಕಾರ್ಖಾನೆಗಳಿಗೆಂದು ರೈತರು ಸಾಲು ಸಾಲು ನೆಟ್ಟ ಮರ. ಹಗುರ, ನೆಟ್ಟಗೆ, ಗಂಟು ಕಡಿಮೆ. ಬಾಳಿಕೆ ಕಡಿಮೆ ಎಂಬ ದೂರು ನಿಜ. ಆದರೆ ಒಳಗಿನ ಜಗಲಿ ನೆಲಕ್ಕೆ ತಾಗುವುದಿಲ್ಲ, ಮಳೆ ಕಾಣುವುದಿಲ್ಲ, ಪ್ರತಿ ಸಲವೂ ಒಲೆಯ ಉಳಿದ ಶಾಖಕ್ಕೇ ಗರಿಗರಿ ಒಣಗುತ್ತದೆ. ಕೊಳೆಗೆ ಸಮಯವೇ ಸಿಗದು. ನೀರೆರೆಯುವ ಸೌಟು, ಬಕೆಟ್ಟಿಗೆ ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆ ಮರ ಚೆನ್ನ. ಬಿಳುಪು, ನುಣುಪು, ಸಿಬುರು ಏಳದು.

ಬೇಡವೆನ್ನಬೇಕಾದ ಮರಗಳೂ ಇವೆ, ಅವು ಬೆಲೆಬಾಳುವವೇ. ಹೊನ್ನೆ ನೀರಿಗೆ ಬಣ್ಣ ಬಿಡುತ್ತದೆ. ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡಿಯುವವರಿಗೆ ಅದು ಗೊತ್ತು. ಬಿಳಿ ಟವೆಲ್ ಮೇಲೆ ಆ ಕಲೆ ಹೋಗದು. ತೇಗ, ಬೀಟೆ, ಹುರುಗಲುಗಳ ಒಳಗಿನ ಅಂಶಗಳು ಕೆಲವರ ಚರ್ಮಕ್ಕೆ ತುರಿಕೆ ತರುತ್ತವೆ. ಬೆವರಿ ರಂಧ್ರ ತೆರೆದ ಮೈಗೆ ಆ ಪರೀಕ್ಷೆ ಬೇಡ. ಹೊರಗಿನ ಗೋಡೆಗೆ ಹಳೇ ಮನೆ ಕೆಡವಿದಾಗ ಸಿಗುವ ಬಲಿತ ತೇಗದ ಹಲಗೆ ಸಿಕ್ಕರೆ ಮಾತ್ರ ಕಣ್ಣು ಮುಚ್ಚಿ ಕೊಳ್ಳಿ, ದಶಕಗಳಿಂದ ಹದವಾದ ಮರ ಇನ್ನು ಬಗ್ಗುವುದಿಲ್ಲ.

ಔಷಧ ಕುಡಿಸಿದ ಮರದ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಮರಕ್ಕೆ ಒತ್ತಡದಲ್ಲಿ ಕುಡಿಸುವ ವಿಧಾನವನ್ನು ಜಗತ್ತಿಗೆ ಕೊಟ್ಟವರು ನಮ್ಮವರೇ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ 1933ರಲ್ಲಿ ಸೊಂಠಿ ಕಾಮೇಶಂ ಅದನ್ನು ರೂಪಿಸಿದರು. ವಿದ್ಯುತ್ ಕಂಬ, ಬೇಲಿ ಕಂಬಗಳನ್ನು ಅದು ದೇಶದೇಶಗಳಲ್ಲಿ ಉಳಿಸಿದೆ. ಆರ್ಸೆನಿಕ್‌ನ ಭಯದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ಸೌನಾದ ಒಳಗೆ ಅದು ಖಂಡಿತ ಬೇಡ, ಅದರ ಚೂರುಗಳನ್ನು ಒಲೆಗೂ ಹಾಕಬಾರದು, ಹೊಗೆಯಲ್ಲಿ ಆರ್ಸೆನಿಕ್ ಬರುತ್ತದೆ. ಕ್ರಿಯೋಸೋಟ್ ಹೀರಿದ ಹಳೇ ರೈಲ್ವೆ ಸ್ಲೀಪರ್ ಕೂಡ ಹಾಗೆಯೇ, ಎಷ್ಟೇ ಅಗ್ಗಕ್ಕೆ ಸಿಗಲಿ. ಫಿನ್ನರು 1990ರ ದಶಕದಲ್ಲಿ ಬೇರೆ ದಾರಿ ಹಿಡಿದರು: ರಾಸಾಯನಿಕವಿಲ್ಲದೆ, ಹಬೆಯ ಮರೆಯಲ್ಲಿ ಮರವನ್ನು 212 ಡಿಗ್ರಿಯವರೆಗೆ ಕಾಯಿಸಿ ಅದು ನೀರು ಹೀರುವ ಗುಣವನ್ನೇ ತಗ್ಗಿಸುವುದು. ಅಂಥ ಮರ ಮಣ್ಣಿಗೆ ತಾಗದ ಹೊರಗೋಡೆಗೆ ಒಳ್ಳೆಯದು, ಗೆದ್ದಲಿಗೆ ಮಾತ್ರ ಅದು ಉತ್ತರವಲ್ಲ.

ಕಲ್ಲಿನ ಮೇಲೆ ಮರ

ಗೆದ್ದಲಿಗೆ ಉತ್ತರ ನಮ್ಮ ಸೀಮೆಯ ಕಲ್ಲು. ಯಾವುದಾದರೂ ಹಳೆಯ ತೊಟ್ಟಿಮನೆಯ ಕಂಬದ ಬುಡ ನೋಡಿ. ಮರ ನೆಲ ಮುಟ್ಟಿರುವುದಿಲ್ಲ. ಮೊಣಕಾಲುದ್ದದ ಕೆತ್ತಿದ ಕಲ್ಲಿನ ಪೀಠ, ಅದರ ತಲೆಯ ಮೇಲೆ ಕಂಬ. ಅಂಗಳದ ನೀರು ಚೆಲ್ಲಿದರೂ ಕಲ್ಲಿಗೆ, ಗೆದ್ದಲು ಏರಿದರೂ ಅದರ ಮಣ್ಣಿನ ಸುರಂಗ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ, ಪೊರಕೆಯಲ್ಲಿ ಒರೆಸಿದರೆ ಮುಗಿಯಿತು. ಫಿನ್ಲೆಂಡಿನ ಹಳೆಯ ಸೌನಾಗಳನ್ನೂ ಮೂಲೆಗೊಂದು ಕಲ್ಲಿಟ್ಟು ಎತ್ತರಿಸಿ ಕಟ್ಟಿದ್ದಾರೆ.

ಶಿರಾ ಊರಿನಲ್ಲಿ ಇದಕ್ಕೆ ಇತಿಹಾಸದ ಸಾಕ್ಷಿಯೂ ಇದೆ. ಮೊಗಲ್ ಸುಬೇದಾರ ದಿಲಾವರ್ ಖಾನ್ ಅಲ್ಲಿ ಕಟ್ಟಿಸಿದ ಅರಮನೆ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದು ಗೆಜೆಟಿಯರ್ ಹೇಳುತ್ತದೆ. ಮಾದರಿ ಮಣ್ಣುಪಾಲಾಗಿದೆ. ಅದೇ ಊರಿನ ಮಲಿಕ್ ರಿಹಾನ್ ಗೋರಿ, ಕಲ್ಲಿನ ಜಾಮಿಯಾ ಮಸೀದಿ ನಿಂತಿವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದು, ಬಹುಪಾಲು ತೇಗದ ಮರದ್ದು, ಅದೂ ನಿಂತಿದೆ: ಎತ್ತರದ ಜಗಲಿಯ ಮೇಲೆ, ಸುತ್ತ ಅಗಲ ಸೂರಿನ ಅಡಿಯಲ್ಲಿ, ನಿರಂತರ ಆರೈಕೆಯಲ್ಲಿ.

ಹಾಗಾಗಿ ತಾವರೆಕೆರೆಯ ಸೌನಾದ ಮೊದಲ ಖರ್ಚು ಮರಕ್ಕಲ್ಲ. ಬೇಲಿಗೆ ನೆಡುವ ಕಲ್ಲುಕಂಬಗಳನ್ನೇ ತುಂಡು ಮಾಡಿಸಿ ನೆಲದಿಂದ ಒಂದೂವರೆ ಅಡಿ ಮೇಲೆ ನಿಲ್ಲಿಸಿ, ಅದರ ಮೇಲೆ ಕರಿಜಾಲಿ ಚೌಕಟ್ಟು ಕೂರಿಸಿ. ಸೂರನ್ನು ಗೋಡೆಯಿಂದ ಎರಡಡಿ ಆಚೆ ಚಾಚಿಸಿ. ಹಲಗೆಯ ಅಡ್ಡಕೊಯ್ತದ ತುದಿಗಳೇ ಹೆಚ್ಚು ನೀರು ಕುಡಿಯುವುದು, ಅವಕ್ಕೆ ಮೇಣವೋ ಎಣ್ಣೆಯೋ ಹಚ್ಚಿ. ಒಲೆಯ ಮೇಲೆ ಮಾತ್ರ ಮಧುಗಿರಿಯ ಬಿಳಿ ಗ್ರಾನೈಟ್ ಇಡಬೇಡಿ. ಕಾದು ನೀರು ಬಿದ್ದರೆ ಅದು ಚಟಾರನೆ ಸಿಡಿಯಬಹುದು. ಒತ್ತಾದ ಕರಿಕಲ್ಲು ಮೇಲು.

ಮರ ಎಲ್ಲಿಂದ ತರುವುದೆಂಬುದೂ ಸಣ್ಣ ಪ್ರಶ್ನೆಯಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಹೊಲದ ಮರ ಕಡಿಯಲೂ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ತೆಂಗು, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಕರಿಜಾಲಿ, ಬೇವಿಗೆ ಮುಂದುವರಿಯುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ದೀಪಾವಳಿ ಕಳೆದ ಮೇಲೆ ಕಡಿಸಿ, ತಡಮಾಡದೆ ತೊಗಟೆ, ಬಿಳಿ ಭಾಗ ತೆಗೆಸಿ ಹಲಗೆ ಕುಯ್ಯಿಸಿ. ಹಲಗೆ ಹಲಗೆಯ ನಡುವೆ ರೀಪು ಇಟ್ಟು, ಗಾಳಿಯಾಡುವ ನೆರಳಿನಲ್ಲಿ, ಕಲ್ಲಿನ ಮೇಲೆ ಪೇರಿಸಿಡಿ. ಬಿಸಿಲಿಗೆ ಒಡ್ಡಿದರೆ ಆತುರಕ್ಕೆ ಸೀಳುತ್ತದೆ. ಇಲ್ಲಿನ ಒಣ ಹವೆಗೆ ಒಂದಿಂಚಿನ ಹಲಗೆ ಬೇಸಿಗೆಯ ಹೊತ್ತಿಗೆ ಹದಕ್ಕೆ ಬರುತ್ತದೆ, ದಪ್ಪ ತೊಲೆಗೆ ಇನ್ನೊಂದು ವರ್ಷ ಕೊಡಬೇಕು. ಜಗಲಿಯ ಹೆಬ್ಬೇವಿನ ಪಟ್ಟಿಗಳನ್ನು ಬೆರಳು ಸಂದು ಬಿಟ್ಟು, ಮೇಲೆ ಮೊಳೆ ಕಾಣದಂತೆ ಅಡಿಯಿಂದ ಸ್ಕ್ರೂ ಹಾಕಿಸಿ. ಕೆಲ ವರ್ಷಕ್ಕೆ ಕಪ್ಪಾದಾಗ ಆಚಾರಿಯನ್ನು ಕರೆಯದೆ ನೀವೇ ಬಿಚ್ಚಿ ಬದಲಿಸಬಹುದು.